ಕೋವಿಯ ಮೂತಿಗೆ ಹಚ್ಚಿದ ಕುಂಕುಮ

ಲಿಂಗದಹಳ್ಳಿಯಲ್ಲಿ ನಮ್ಮ ಮಾವ ಒಂದು ಹಳೇ ಕೋವಿ ಇಟ್ಟಿದ್ದರು. ಊರು ಬಿಟ್ಟು ಹೋದ ಕಾಫಿ ತೋಟದ ದೊರೆಯೊಬ್ಬನಿಂದ ಕೊಂಡದ್ದು. ಕೆಳಗಿನ ಹಿಡಿ ಎಳೆದು ಬಿಟ್ಟರೆ ತೋಟಾ ತಾನೇ ಒಳಕ್ಕೆ ಏರುತ್ತಿತ್ತು. ಗದ್ದೆಗೆ ನುಗ್ಗುವ ಹಂದಿ ಹೊಡೆಯುವ ಕೆಲಸ ಹಿರಿಮಗನದು, ಅಂದರೆ ನನ್ನ ಗಂಡನದು. ಮನೆಯಲ್ಲಿ ಅವರಿಗಿದ್ದ ಮರ್ಯಾದೆಯೆಲ್ಲ ಆ ಕೋವಿಯಿಂದಲೇ.

ಆಯುಧಪೂಜೆಯ ಬೆಳಿಗ್ಗೆ ಅದನ್ನು ಒರೆಸಿ ಗೋಡೆಗೆ ಒರಗಿಸಿದವಳು ನಾನು. ಜಾರಿತು. ಮೂತಿ ಒರಳುಕಲ್ಲಿಗೆ ಬಡಿಯಿತು. ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವುದಕ್ಕೆ ಒಂದು ಮೊಳೆ ಇರುತ್ತದೆ. ಅದು ಅಕ್ಕಿಕಾಳಿನ ಅಗಲದಷ್ಟು ಬಲಕ್ಕೆ ಸರಿದು, ಬುಡದಲ್ಲಿ ಹೊಸ ಗೀರು ಹೊಳೆಯಿತು. ಅದರ ಮೇಲೆ ದಪ್ಪಗೆ ಕುಂಕುಮ ಹಚ್ಚಿಬಿಟ್ಟೆ. ಪೂಜೆಯ ಕುಂಕುಮವನ್ನು ನಮ್ಮ ಮನೆಯಲ್ಲಿ ಯಾರೂ ಒರೆಸುವುದಿಲ್ಲ, ತಾನಾಗಿ ಉದುರಬೇಕು.

ಆಮೇಲೆ ನಾಲ್ಕು ಹಂದಿ ತಪ್ಪಿದವು. ಮಾವ ಊಟಕ್ಕೆ ಕೂತಾಗ ಎಲ್ಲರ ಎದುರಿಗೇ ಶುರುಮಾಡುತ್ತಿದ್ದರು.

"ಹಂದಿ ನಿನ್ ಮುಂದೇನೇ ಮೈ ಕೆರ್ಕೊಂಡ್ ಹೋಯ್ತಂತೆ ಕಣ್ಲಾ. ಎಲೆ ಅಡ್ಕೆ ಕೊಟ್ ಕಳಿಸ್ದಾ?"

"ಕೈ ನಡುಗ್ತದೆ ಕಣಪ್ಪಾ," ಅಂದರು ನನ್ನ ಗಂಡ. ಅದನ್ನು ನಂಬಿಯೂ ಬಿಟ್ಟಿದ್ದರು. ಬಲಗೈಗೆ ತಾಯತ ಕಟ್ಟಿಸಿಕೊಂಡಿದ್ದರು.

"ನಾಳೆ ನೋಡ್ಬಿಡ್ತೀನಿ. ಕೈಯ್ದೇ ತಪ್ಪಾದ್ರೆ ಕೋವಿ ನಿನ್ ತಮ್ಮಂಗೆ."

ಮರುದಿನ ಕಣದಲ್ಲಿ ಕೋವಿಯನ್ನು ರಾಗಿ ಮೂಟೆಗಳ ಮೇಲಿಟ್ಟು, ಐವತ್ತು ಹೆಜ್ಜೆ ಆಚೆಯ ಮಣ್ಣುದಿಣ್ಣೆಗೆ ಸುಣ್ಣದ ಬೊಟ್ಟಿಟ್ಟು, ಮಾವ ತಾವೇ ಮೂರು ಗುಂಡು ಹಾರಿಸಿದರು. ಮೂರೂ ಬೊಟ್ಟಿನಿಂದ ಗೇಣು ಎಡಕ್ಕೆ, ಒಂದರ ಪಕ್ಕ ಒಂದು ಅಂಟಿಕೊಂಡಂತೆ ಬಿದ್ದವು.

"ಕೈ ತಪ್ಪಿದ್ರೆ ಒಂದೊಂದು ಒಂದೊಂದ್ ದಿಕ್ಕಿಗ್ ಹೋಗ್ತಿತ್ತು. ಇದು ಕೋವಿದೇ ಕಣ್ಲಾ."

ನನ್ನ ಗಂಡನ ಮುಖ ಅರಳಿತು. ಅಷ್ಟು ಹೊತ್ತು ಮಾತ್ರ. ಮಾವ ಕಣ್ಣಿಟ್ಟು ನೋಡುವ ಹಿಂದಿನ ಕಚ್ಚಿನಿಂದ ಮೂತಿಯವರೆಗೆ ನಳಿಗೆಯ ನಡುವೆ ದಾರ ಎಳೆದು ಹಿಡಿಸಿದರು. ಮೊಳೆ ದಾರದ ಬಲಕ್ಕೆ ನಿಂತಿತ್ತು. ಅದನ್ನು ಬೊಟ್ಟಿನ ನೇರಕ್ಕೆ ಹಿಡಿದರೆ ಮೂತಿ ಎಡಕ್ಕೆ ತಿರುಗುತ್ತಿತ್ತು. ಹೆಬ್ಬೆರಳಿನಿಂದ ಕುಂಕುಮ ಒರೆಸಿದರು. ಗೀರು ಕಂಡಿತು.

"ಬೀಳ್ಸಿ, ಕುಂಕುಮ ಬಳ್ದು ಮುಚ್ಚವ್ನೆ," ಅಂತ ನನ್ನ ಕಡೆ ತಿರುಗಿದರು. "ಇವ್ನೇ ಏನವ್ವಾ?"

ಕುಂಕುಮ ಇಟ್ಟದ್ದು ಯಾರೆಂದು ಗಂಡನಿಗೆ ಗೊತ್ತಿತ್ತು. ನನ್ನನ್ನೇ ನೋಡಿದರು. ನಾನು ನಿಜ ಹೇಳಿದ್ದರೆ ಮಾವ ನನ್ನನ್ನು ತವರಿಗೆ ಅಟ್ಟುತ್ತಿದ್ದರು.

"ಹೂಂ," ಅಂದೆ.

ಮಾವ ಮರದ ತುಂಡು ಕೊಟ್ಟು ಮೊಳೆಯನ್ನು ಎಡಕ್ಕೆ ಬಡಿದು ಕೂರಿಸಿ, ಕೋವಿಯನ್ನು ನನ್ನ ಮೈದುನನ ಕೈಗಿಟ್ಟರು. ಅವನ ಮೊದಲ ಗುಂಡಿಗೇ ಬೊಟ್ಟು ಹಾರಿತು.

"ನಿಂಗೆ ಗಂಟ್ಲು ಚೆನ್ನಾಗದೆ. ಇನ್ಮೇಲೆ ಕೂಗೋರ್ ಜೊತೆ ಹೋಗು," ಅಂದರು ಹಿರಿಮಗನಿಗೆ.

ಕೂಗುವವರೆಂದರೆ ಪೊದೆ ಬಡಿದು ಹಂದಿ ಎಬ್ಬಿಸುವ ಆಳುಗಳು. ಮುಂದಿನ ಬೇಟೆಯಿಂದ ನನ್ನ ಗಂಡ ಗಂಟಲು ಕಟ್ಟಿಕೊಂಡು ಬಂದರು. ಹೊಡೆದವನ ಪಾಲೆಂದು ಮೈದುನ ಒಂದು ತೊಡೆ ತಂದಿದ್ದ. ನಾನೇ ಬೇಯಿಸಿ ಇಬ್ಬರಿಗೂ ಬಡಿಸಿದೆ. ಮೊದಲು ಮೈದುನನಿಗೆ.