ಲೆಕ್ಕಕ್ಕೆ ಬಾರದ ಬೋರು

ವೇದಾವತಿಯ ಕೆಲಸವನ್ನು ಹಟ್ಟಿಯವರಿಗೆ ತಿಳಿಸಿ ಹೇಳುವುದು ಕಷ್ಟ. ದೂರದ ದೇಶಗಳಲ್ಲಿ ಶೇಲ್ ಎಂಬ ಪದರಗಲ್ಲಿನೊಳಗೆ ಎಣ್ಣೆ ಸಿಕ್ಕಿಕೊಂಡಿರುತ್ತದೆ. ಬಾವಿ ಕೊರೆದು, ಭಾರಿ ಒತ್ತಡದಲ್ಲಿ ನೀರು ನುಗ್ಗಿಸಿ ಕಲ್ಲನ್ನು ಸೀಳಿದರೆ ಅದು ಹೊರಬರುತ್ತದೆ. ಆ ಸೀಳು ಯಾವ ಕಡೆ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಚಿತ್ರವಾಗಿ ತೋರಿಸುವುದು ಅವಳ ಕೆಲಸ. ಹುಲಿಕುಂಟೆ ಹೋಬಳಿಯ ಹಟ್ಟಿಯ ಮನೆಯಲ್ಲೇ ಕುಳಿತು ಮಾಡುತ್ತಾಳೆ. ಆ ಮನೆಯಿಂದ ಕಾಲೇಜಿಗೆ ಹೋದವರಲ್ಲಿ ಅವಳೇ ಮೊದಲಿಗಳು.

"ನಮ್ಮುಡುಗಿ ಕಾಣದ ದೇಶದ ಬಂಡೆ ಒಡೀತಾಳೆ. ಮನೇಲಿ ಒಂದು ತೆಂಗಿನಕಾಯಿ ಒಡೆಯಾಕೆ ಬರಲ್ಲ," ಎಂದು ಅಜ್ಜಿ ಪಾಪಕ್ಕ ಬಂದವರ ಮುಂದೆ ಛೇಡಿಸುತ್ತಿದ್ದಳು.

ಅಡುಗೆಮನೆಯ ಮೂಲೆಯಲ್ಲಿ ಒಂದು ಕಲ್ಲುಚಪ್ಪಡಿ ಇದೆ. ಅದನ್ನು ಯಾರೂ ತುಳಿಯುವಂತಿಲ್ಲ. ಬೆಳಿಗ್ಗೆ ತಂದ ಮೊದಲ ನೀರಿನಲ್ಲಿ ಒಂದು ಚೊಂಬು ಅದರ ಮೇಲೆ ಸುರಿದ ನಂತರವೇ ಪಾಪಕ್ಕ ಒಲೆ ಹಚ್ಚುವುದು. ಚಿಕ್ಕವಳಿದ್ದಾಗ ವೇದಾವತಿ ಒಮ್ಮೆ ಅದಕ್ಕೆ ಕಿವಿಯಿಟ್ಟಿದ್ದಳು. ಒಳಗೆ ಯಾರೋ ನಿಧಾನವಾಗಿ ಉಸಿರೆಳೆದಂತಿತ್ತು. ಅಜ್ಜಿ ರಟ್ಟೆ ಹಿಡಿದು ಎಬ್ಬಿಸಿದಳು, ಬೈಯಲಿಲ್ಲ. ಬೈಯದೇ ಇದ್ದುದಕ್ಕೇ ಅವಳಿಗೆ ಹೆದರಿಕೆಯಾಗಿತ್ತು.

ಈ ಬೇಸಿಗೆಯಲ್ಲಿ ಹಟ್ಟಿಯ ಕುಡಿಯುವ ನೀರಿನ ಬೋರು ಸೊರಗಿತು. ಅದಕ್ಕೂ ಒತ್ತಡದ ನೀರು ಕೊಟ್ಟು ಬಂಡೆಯ ಸೀಳು ತೆರೆಸಲು ಲಾರಿ ಬಂತು. ಲಾರಿಯ ಪಂಪು ನಡೆಸುವವನು ವೇದಾವತಿಯ ತಮ್ಮ ಅಂಬರೀಶ್. ಎಣ್ಣೆಬಾವಿಗೆ ಹಾಕುವ ಲೆಕ್ಕವನ್ನು ಹಟ್ಟಿಯ ಬೋರಿಗೂ ಹಾಕಿ ನೋಡೋಣವೆಂದು ಅವಳು ಸುತ್ತಲಿನ ಬೋರುಗಳ ವಿವರವನ್ನೆಲ್ಲ ಕೇಳಿ ಕಂಪ್ಯೂಟರಿಗೆ ತುಂಬಿಕೊಂಡಳು. ನೀರು ಬೀಳದ ಬೋರಿನ ವಿಷಯ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅವರ ಹಟ್ಟಿಯಲ್ಲಿ ಅಂಥದ್ದನ್ನು ಸತ್ತು ಹುಟ್ಟಿದ ಮಗುವಿನಂತೆ ಕಾಣುತ್ತಾರೆ. ಅರಿಶಿನದ ಬಟ್ಟೆ ಇಳಿಬಿಟ್ಟು ಬಾಯಿ ಮುಚ್ಚಿದ ಮೇಲೆ ಅದರ ಮಾತೆತ್ತುವುದಿಲ್ಲ. ಅಲ್ಲೇ ಬೆಳೆದವಳಿಗೆ ಅದು ತಪ್ಪೆಂದು ಹೊಳೆಯಲೂ ಇಲ್ಲ.

ಬೆಳಿಗ್ಗೆ ಸಣ್ಣ ಒತ್ತಡ ಕೊಟ್ಟು ನೋಡಿ, ಮೀಟರು ತೋರಿಸಿದ್ದನ್ನು ಅಂಬರೀಶ್ ಮೊಬೈಲಿಗೆ ಕಳಿಸಿದ. ಅದು ಅವಳ ಚಿತ್ರಕ್ಕೆ ಹೊಂದಲಿಲ್ಲ. ಒತ್ತಡ ಎಲ್ಲೋ ಸೋರುತ್ತಿತ್ತು. ಎಲ್ಲಿ ಪೊಳ್ಳಿದ್ದರೆ ಲೆಕ್ಕ ಕೂಡುತ್ತದೆ ಎಂದು ಕಂಪ್ಯೂಟರನ್ನೇ ಹುಡುಕಲು ಬಿಟ್ಟಳು. ಪರದೆಯ ಮೇಲೆ ಸೀಳು ಕೆಂಪು ಗೆರೆಯಾಗಿ ಹೊರಟು ಶಾಲೆ ದಾಟಿತು, ಹುಣಸೆಮರ ದಾಟಿತು, ಒಂದು ಮನೆಯ ಕೆಳಗೆ ನಿಂತಿತು. ಬಂಡೆಯ ಗಟ್ಟಿತನ ಬದಲಿಸಿದಳು. ಗೆರೆ ಬೇರೆ ದಾರಿ ಹಿಡಿದು ಅಲ್ಲಿಗೇ ಬಂತು. ಅವಳು ಕುಳಿತಿದ್ದ ಮನೆಗೆ. ಅಡುಗೆಮನೆಯ ಮೂಲೆಗೆ.

ಹೊರಗೆ ಮಟಮಟ ಮಧ್ಯಾಹ್ನ. ಅವಳು ತಮ್ಮನಿಗೆ ಫೋನ್ ಮಾಡಿದಳು.

"ನಿಲ್ಸೋ. ನಮ್ಮನೆ ಕೆಳಗೆ ತೂತೈತೆ. ಪೂರ್ತಿ ಒತ್ತಡ ಕೊಟ್ರೆ ಅಜ್ಜಿ ಕಾಲಡೀನೇ ಸಿಡೀತದೆ."

"ಆಗ್ಲೇ ಅರ್ಧಕ್ಕೆ ಬಂದೈತಕ್ಕ. ಊರೆಲ್ಲ ಬಿಂದಿಗೆ ಹಿಡ್ಕೊಂಡು ನಿಂತದೆ. ಬೋರಿದ್ರೆ ಹೇಳು, ನಿಲ್ಲಿಸ್ತೀನಿ. ನಿನ್ನ ಪರದೆ ಮ್ಯಾಲಿನ ಚುಕ್ಕಿ ನಂಬ್ಕೊಂಡು ಹೆಂಗೆ ನಿಲ್ಲಿಸ್ಲಿ?"

ವೇದಾವತಿ ಫೋನ್ ಹಿಡಿದೇ ಒಳಗೆ ಓಡಿದಳು. ಪಾಪಕ್ಕ ಚಪ್ಪಡಿಯ ಪಕ್ಕ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದಳು.

"ಅಜ್ಜಿ, ಇದರ ಕೆಳಗೆ ಬೋರೈತಾ?"

"ಏನೂ ಇಲ್ಲ ಹೋಗು."

"ಎದ್ದು ಆಚೆಗಾದ್ರೂ ಬಾ."

"ಇದನ್ನ ಒಂದನ್ನೇ ಬುಟ್ಟು ಬರಾಕಿಲ್ಲ ಕಣಮ್ಮಿ."

ಆಗ ಚಪ್ಪಡಿ ಕದಲಿತು. ಸಂದಿಯಿಂದ ತಣ್ಣನೆಯ ಗಾಳಿ ಉದ್ದಕ್ಕೆ ಹೊರಬಂದು ಒಲೆಯ ಬೂದಿಯನ್ನು ಹಾರಿಸಿತು. ಒಂದು ಕ್ಷಣ ನಿಂತು, ಮತ್ತೆ ಬಂತು. ಪಾಪಕ್ಕನ ಕೈಯಲ್ಲಿದ್ದ ಕಾಯಿ ಬಿತ್ತು. ಅವಳು ಮೊಮ್ಮಗಳ ಕೈಯಿಂದ ಫೋನ್ ಕಸಿದುಕೊಂಡಳು.

"ಲೇ ಅಂಬರೀಶ, ನಿಲ್ಸಲಾ. ಐತೆ ಕಣ್ಲಾ, ಬೋರೈತೆ. ನಿಮ್ಮ ತಾತ ಕೊರಸಿದ್ದು. ನೀರು ಬೀಳಲಿಲ್ಲ. ಅದೇ ವಾರ ನನ್ನ ಹಸುಗೂಸೂ ಹೋಯ್ತು. ಎರಡಕ್ಕೂ ಒಂದೇ ಬಟ್ಟೆ ಕಟ್ಟಿ, ಕೂಸ್ನೂ ಇದ್ರಾಗೇ ಇಳಿಬುಟ್ಟೆ. ಆಮ್ಯಾಲೆ ಮನೇನೇ ಇಲ್ಲಿಗಂಟ ಎಳ್ಕಂಡು ಕಟ್ಟಿಸ್ದೆ."

ದೂರದಲ್ಲಿ ಪಂಪಿನ ಮೊರೆತ ಇಳಿಯಿತು. ಗಾಳಿಯೂ ನಿಂತಿತು. ಜರುಗಿದ ಚಪ್ಪಡಿಯ ಅಂಚಿನಲ್ಲಿ, ಗಾಳಿ ಕೆಳಗಿನಿಂದ ತಳ್ಳಿ ತಂದ ಒಂದು ಹಳೆಯ ಬಟ್ಟೆಗಂಟಿನ ತುದಿ ಕಾಣುತ್ತಿತ್ತು. ಅದರ ಹರಕಿನಿಂದ ಕೂಸಿನ ಒಂದು ಕರಿಬಳೆ ಹೊರಗುರುಳಿ ಪಾಪಕ್ಕನ ಪಾದಕ್ಕೆ ತಗುಲಿತು.

ಅವಳು ಅದನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದಳು. "ನಿನ್ನ ಕಂಪ್ಯೂಟ್ರಾಗೆ ಇದೂ ಕಾಣ್ತಿತ್ತಾ?"

"ಇಲ್ಲಜ್ಜಿ. ಪೊಳ್ಳು ಮಾತ್ರ ಕಾಣ್ತಿತ್ತು."

ಇನ್ನೂ ಆಳದಲ್ಲಿ ಒತ್ತಡ ಕೊಟ್ಟರೆ ಸೀಳು ಮನೆಯ ಕಡೆ ಏರದೆ ನಿಲ್ಲುತ್ತದೆಯೇ ಎಂದು ನೋಡಬೇಕಿತ್ತು. ಅದಕ್ಕೆ ಈ ಬೋರನ್ನೂ ಲೆಕ್ಕಕ್ಕೆ ಸೇರಿಸಬೇಕು. ಹೆಸರಿಲ್ಲದ ಬೋರನ್ನು ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ.

"ಏನಂತ ಬರೀಲಿ ಅಜ್ಜಿ?"

ಪಾಪಕ್ಕ ಬಳೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ದಾಸಮ್ಮ ಅಂತ ಇಕ್ಕವ್ವ. ಯಾರೂ ಕೂಗಿಲ್ಲ ಆ ಹೆಸರ."

ವೇದಾವತಿ ಬರೆದಳು. ಈ ಸಲ ಕೆಂಪು ಗೆರೆ ಹುಣಸೆಮರದ ಹತ್ತಿರವೇ ನಿಂತಿತು. ಅಂಬರೀಶ್ ಅವಳು ಹೇಳಿದ ಆಳದಲ್ಲೇ ಒತ್ತಡ ಕೊಟ್ಟ. ಸಂಜೆಗೆ ಹಟ್ಟಿಯ ಬೋರಿನಲ್ಲಿ ನೀರು ಬಂತು. ಪಾಪಕ್ಕ ಮೊದಲ ಚೊಂಬನ್ನು ತಂದು ಚಪ್ಪಡಿಯ ಸಂದಿಗೆ ಸುರಿದು, ಬಾಗಿ, ಮೆಲ್ಲಗೆ ಹೆಸರು ಹಿಡಿದು ಕೂಗಿದಳು.

ನೀರು ಕೆಳಗೆ ಬಿದ್ದ ಸದ್ದು ಬರಲಿಲ್ಲ. ಗುಟುಕರಿಸಿ ಕುಡಿದ ಸದ್ದು ಬಂತು. ಅದು ವೇದಾವತಿಗೂ ಕೇಳಿಸಿತು.