ಉಗಿಸಿಕೊಳ್ಳಲು ಕಂದಿಕೆರೆಗೆ

ಇದು ಆಗದ ಮಾತು ಅಂದವರು ನಮ್ಮ ದೊಡ್ಡಪ್ಪನೇ. "ಹೆಣ್ಮಗಳು ಹಿಡಿದ ಡಬ್ಬಿಗೆ ಯಾರಾನ ಉಗೀತಾರೇನೇ? ಹಲ್ಲಿನ ಡಾಕ್ಟ್ರು ಓದಿ ಜನದ ಕೈಲಿ ಉಗಿಸ್ಕೊಂಡು ಬತ್ತೀಯ, ಅಷ್ಟೇ ಕಣೇ!" ನಮ್ಮ ವಂಶದಲ್ಲಿ ಪದವಿ ಪಡೆದವಳು ನಾನೇ ಮೊದಲು. ಹಾಗೆ ಬೈದರೂ ತಮಾಷೆ ನೋಡಲು ಜೊತೆಗೇ ಹೊರಟರು.

ತಿಪಟೂರಿನಲ್ಲಿ ಬೆಳಗಿನ ಬಸ್ಸು ಹತ್ತಿದೆವು. ಹೆಂಗಸರಿಗೆ ಬಸ್ಸು ಉಚಿತ, ನನಗೆ ಸೊನ್ನೆ ಟಿಕೆಟ್. "ಓದಿದೋಳು ಪುಕ್ಕಟೆ, ಓದ್ದೇ ಇದ್ದೋನ್ಗೆ ದಂಡ," ಎಂದು ದೊಡ್ಡಪ್ಪ ಕಂಡಕ್ಟರನನ್ನು ನಗಿಸಿದರು. ಚಿಕ್ಕನಾಯಕನಹಳ್ಳಿಯಲ್ಲಿ ಇಡ್ಲಿ ತಿಂದು ಇನ್ನೊಂದು ಬಸ್ಸು ಹಿಡಿದೆವು. ಎರಡೂ ಕಡೆ ತೆಂಗು, ಆಗಲೇ ಬಿಸಿಲು ಏರಿತ್ತು. ದೊಡ್ಡಪ್ಪನ ದವಡೆಯಲ್ಲಿ ಎಂದಿನಂತೆ ಹೊಗೆಸೊಪ್ಪು.

ಕಂದಿಕೆರೆಯ ಶಾಲೆಯಲ್ಲಿ ಬಾಯಿ ತಪಾಸಣೆಯ ಶಿಬಿರ. ನನ್ನ ತರಬೇತಿಯ ಕೊನೆಯ ದಿನ. ಹಿರಿಯ ಡಾಕ್ಟರಮ್ಮ ಬಾಯಿ ನೋಡುತ್ತಿದ್ದರು, ಜೊಲ್ಲು ಸಂಗ್ರಹಿಸಿ ಅಲ್ಲೇ ಪರೀಕ್ಷಿಸುವುದು ನನ್ನ ಪಾಲಿಗೆ. ಕಣ್ಣಿಗೆ ತಪ್ಪಿದ ಬಾಯಿ ಕ್ಯಾನ್ಸರಿನ ಸುಳಿವು ಕೆಲವೊಮ್ಮೆ ಜೊಲ್ಲಿನಲ್ಲಿ ಸಿಗುತ್ತದೆ. ಬಾಯಿ ತೆರೆದವರೆಲ್ಲ ಡಬ್ಬಿ ಕಂಡು ಹಿಂದೆ ಸರಿದರು. "ಡಾಕ್ಟ್ರ ಮುಂದೆ ಉಗಿಯಾದಾ? ಬುಡವ್ವ," ಅಂದಳು ಒಬ್ಬ ಅಜ್ಜಿ.

ನನ್ನ ಮುಖ ಬಾಡಿದ್ದನ್ನು ಕಂಡು ದೊಡ್ಡಪ್ಪ ಎದ್ದರು. "ನೋಡ್ರಲಾ, ನಾನ್ ಉಗೀತೀನಿ." ಹೊರಗೆ ಹೋಗಿ ಬಾಯಿ ಒರೆಸಿಕೊಳ್ಳುತ್ತ ಬಂದು ಡಬ್ಬಿ ತುಂಬಿಸಿದರು. ತೆಂಗಿನ ವಾಸನೆ!

"ಏನ್ ಮಾಡ್ದೆ ದೊಡ್ಡಪ್ಪಾ?"

"ಎಂಜಲು ಬಾಯಲ್ಲಿ ಹೆಂಗ್ ಕೊಡಾದು ಅಂತ ಎಳನೀರ್ನಾಗೆ ಮುಕ್ಕಳಿಸ್ದೆ."

ಎಂಜಲನ್ನೂ ತೊಳೆದು ಕೊಡುವ ಜನ ನಾವು! ಜೊಲ್ಲಿನ ಮಾದರಿ ಕೆಟ್ಟಿತು. ದೊಡ್ಡಪ್ಪನನ್ನು ಅರ್ಧ ಗಂಟೆ ಬರಿಬಾಯಲ್ಲಿ ಕೂರಿಸಿ ಮತ್ತೆ ಉಗಿಸಿದೆ. ನಗುತ್ತಲೇ ಉಳಿದವರೂ ಸಾಲು ನಿಂತರು.

ಡಾಕ್ಟರಮ್ಮನ ಕಣ್ಣಿಗೆ ದೊಡ್ಡಪ್ಪನ ಬಾಯಲ್ಲಿ ಏನೂ ಕಂಡಿರಲಿಲ್ಲ. ಜೊಲ್ಲಿನ ಪರೀಕ್ಷೆ ಮಾತ್ರ ಅನುಮಾನ ತೋರಿಸಿತು. ನನ್ನದೇ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಅದೇ. ಡಾಕ್ಟರಮ್ಮ ದೊಡ್ಡಪ್ಪನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು ಟಾರ್ಚ್ ಬಿಟ್ಟರು. ಬುಡದ ಹತ್ತಿರ, ಅಡಿಯಲ್ಲಿ, ಒಂದು ಸಣ್ಣ ಕೆಂಪು ಕಲೆ. ನನ್ನ ಮಾನ ಉಳಿಸಲು ಉಗಿದವರು ಇವರು.

"ಕ್ಯಾನ್ಸರೇ ಅಂತ ಈಗಲೇ ಹೇಳೋಕಾಗಲ್ಲ. ಚೂರು ತೆಗೆದು ಪರೀಕ್ಷೆ ಮಾಡ್ಬೇಕು. ನಾಳೆ ತುಮಕೂರಿಗೆ ಬನ್ನಿ," ಅಂದರು ಡಾಕ್ಟರಮ್ಮ.

"ಬಾಯ್ಗೆ ಕತ್ತರಿ ಹಾಕಿಸ್ಕೊಳ್ಳೋನಲ್ಲ ನಾನು," ಎಂದು ದೊಡ್ಡಪ್ಪ ಜಗಲಿಯಲ್ಲಿ ಕೂತುಬಿಟ್ಟರು. ಎಷ್ಟು ಕರೆದರೂ ಏಳಲಿಲ್ಲ.

ಸಂಜೆ ಡಾಕ್ಟರಮ್ಮ ತರಬೇತಿಯ ಸರ್ಟಿಫಿಕೇಟನ್ನು ನನ್ನ ಕೈಗಿತ್ತರು. ಯಾರೋ ಚಪ್ಪಾಳೆ ತಟ್ಟಿದರು, ನನಗೆ ಕೇಳಿಸಿದ್ದೂ ಅರ್ಧ. ದೊಡ್ಡಪ್ಪ ಬಂದು ಅದನ್ನು ತಿರುಗಿಸಿ ನೋಡಿದರು. "ಉಗಿಸ್ಕೊಂಡಿದ್ಕೂ ಕಾಗ್ದ ಕೊಟ್ರೇನೇ?" ಸೊಂಟದಿಂದ ಹೊಗೆಸೊಪ್ಪಿನ ಚೀಲ ಬಿಚ್ಚಿ ಅದರ ಮೇಲಿಟ್ಟರು.

"ಇದ್ನೂ ಇಟ್ಕೊ. ನಾಳೆ ತುಮಕೂರು ಬಸ್ಸು ಎಷ್ಟೊತ್ಗೆ ಮಗಾ?"