ಡ್ರೈವರ್ ರಘುರಾಮರ ಪಕ್ಕದ ಸೀಟು

ನನ್ನ ಗಂಡ ರಘುರಾಮರು ಲಂಡನ್ನಿನಲ್ಲಿ ಬಸ್ ಓಡಿಸುತ್ತಾರೆ. ಕುಂದಾಪುರದಿಂದ ಇಲ್ಲಿಗೆ ಬಂದವರು ಹೆಚ್ಚಾಗಿ ಹೋಟೆಲು ಹಿಡಿಯುತ್ತಾರೆ. ಇವರೂ ಮೊದಲು ಕಿಂಗ್ಸ್‌ಬರಿಯಲ್ಲಿ ದೋಸೆ ಹೊಯ್ಯುತ್ತಿದ್ದರು. ಒಂದು ದಿನ ಕೆಂಪು ಡಬಲ್ ಡೆಕ್ಕರ್ ನೋಡಿ ಮರುಳಾಗಿ ಕಾವಲಿ ಬಿಟ್ಟು ಆ ಕಡೆ ಹಾರಿದರು. ಅಂದಿನಿಂದ ಬಸ್ಸೇ ಅವರ ಹಿರಿಯ ಹೆಂಡತಿ. ಗ್ರೀನ್‌ಫರ್ಡ್‌ನ ಮನೆಯಲ್ಲಿರುವ ನಾನು, ಸುಗಂಧಿ, ಕಿರಿಯವಳು.

ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಕುಡಿತವಿಲ್ಲ, ಜಗಳವಿಲ್ಲ, ಪಾತ್ರೆ ತೊಳೆದುಕೊಡುತ್ತಾರೆ. ಆದರೆ ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಬಸ್ಸಿನಲ್ಲಿ ಒಮ್ಮೆಯೂ ನನ್ನ ಪಕ್ಕ ಕೂತವರಲ್ಲ. ಕೆಲಸದ ದಿನ ಗಾಜಿನ ಗೂಡಿನೊಳಗೆ ಇರುತ್ತಾರೆ. ರಜೆಯಲ್ಲಿ ಇಬ್ಬರೂ ತರಕಾರಿಗೆ ಹೊರಟರೆ, ಹತ್ತಿದ್ದೇ ಡ್ರೈವರನ ಹತ್ತಿರ ನಿಂತು ಬ್ರೇಕು, ಡ್ಯೂಟಿ, ಡೈವರ್ಶನ್ ಎಂದು ಶುರು ಮಾಡುತ್ತಾರೆ. ಒಮ್ಮೆ ಇವರದೇ ಬಸ್ಸು ಹತ್ತಿ, ಎರಡು ಮಾತಾಡೋಣ ಎಂದು ಮುಂದೆ ನಿಂತೆ. ಒಳಗೆ ಹೋಗಿ ಎಂದು ಮೈಕಿನಲ್ಲಿ ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು, ಅದೂ ಇಂಗ್ಲಿಷಿನಲ್ಲಿ. ಆ ವಾರವಿಡೀ ಅವರೇ ಬಡಿಸಿಕೊಂಡು ಉಂಡರು.

ಹಾಗಾಗಿ ಮದುವೆಯ ಇಪ್ಪತ್ತೈದಕ್ಕೆ ಏನು ಬೇಕು ಎಂದು ಮಗಳು ತೃಷಾ ಕೇಳಿದಾಗ, ಚಿನ್ನ ಬೇಡ, ನಿನ್ನ ಅಪ್ಪ ಒಂದು ದಿನ ನನ್ನ ಪಕ್ಕ ಕೂತು ಪ್ರಯಾಣ ಮಾಡಲಿ, ಅಷ್ಟು ಸಾಕು ಎಂದೆ. ಬ್ರಿಟನ್ನಿನಲ್ಲಿ ಎಲ್ಲಿಗೆ ಹೋದರೂ ಇವರು ಡ್ರೈವರನನ್ನು ಮಾತಿಗೆ ಎಳೆಯುತ್ತಾರೆ. ಅದಕ್ಕೇ ಜಪಾನನ್ನು ಆರಿಸಿದೆವು. ಅಲ್ಲಿಯ ಭಾಷೆಯೇ ಬಾರದಿದ್ದರೆ ಯಾರ ಹತ್ತಿರ ಮಾತಾಡುತ್ತಾರೆ ನೋಡೋಣ ಎಂದು ನಮ್ಮ ಉಪಾಯ.

"ಅಪ್ಪಾ, ಜಸ್ಟ್ ಸಿಟ್ ನೆಕ್ಸ್ಟ್ ಟು ಅಮ್ಮ, ಓಕೆ?" ಎಂದು ತೃಷಾ ಹೀಥ್ರೂನಲ್ಲಿ ಹೇಳಿ ಕಳಿಸಿದಳು.

"ಅದೆಂತ ದೊಡ್ಡ ಕೆಲ್ಸ," ಎಂದರು ಇವರು. ವಿಮಾನದಲ್ಲಿ ಪಕ್ಕದಲ್ಲೇ ಇದ್ದರು ನಿಜ, ಆದರೆ ಮುಸುಕೆಳೆದು ಗೊರಕೆ ಹೊಡೆದದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಟೋಕಿಯೊದಿಂದ ಬೆಟ್ಟದ ಮೇಲಿನ ಒಂದು ವಸತಿಗೃಹಕ್ಕೆ ಇಡೀ ದಿನದ ದಾರಿ. ಮೊದಲು ವೇಗದ ರೈಲು, ಆಮೇಲೆ ಪುಟ್ಟ ರೈಲು, ಕೊನೆಗೆ ಬಸ್ಸು. ವೇಗದ ರೈಲಿನಲ್ಲಿ ಇವರು ಪಕ್ಕದಲ್ಲಿ ಕೂತದ್ದೇ ತಡ, ಟಿಕೆಟ್ ನೋಡುವವನೊಬ್ಬ ಬಂದು, ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು ಇಡೀ ಡಬ್ಬಿಗೆ ತಲೆಬಾಗಿದ. ಇವರು ಎದ್ದು ನಿಂತು ಕೈಮುಗಿದರು. ಅವನು ಎಲ್ಲ ಡಬ್ಬಿಗಳಿಗೂ ಹೀಗೇ ಬಾಗುತ್ತಾನೋ ನೋಡಬೇಕೆಂದು ಬೆನ್ನು ಹತ್ತಿ ಹೋದವರು, ಇಳಿಯುವ ಹೊತ್ತಿಗೆ ವಾಪಸು ಬಂದರು. ಅಲ್ಲಿಯವರೆಗೆ ನನ್ನ ಪಕ್ಕದಲ್ಲಿ ಚಕ್ಕುಲಿ ಡಬ್ಬ ಕೂತಿತ್ತು.

ಪುಟ್ಟ ರೈಲಿನಲ್ಲಿ ಇನ್ನೂ ಕೆಟ್ಟಿತು. ಡ್ರೈವರ್ ಕೂರುವ ಗೂಡು ಗಾಜಿನಾಚೆ ಪೂರ್ತಿ ಕಾಣುತ್ತಿತ್ತು. ಬಿಳಿ ಕೈಗವಸು ಹಾಕಿದ ಆ ಡ್ರೈವರ್, ಪ್ರತಿ ಸಿಗ್ನಲಿಗೂ ಬೆರಳು ತೋರಿಸಿ ಗಟ್ಟಿಯಾಗಿ ಏನೋ ಹೇಳುತ್ತಿದ್ದ. ಕಣ್ಣು ತಪ್ಪಬಾರದೆಂದು ಅಲ್ಲಿ ಹಾಗೊಂದು ಕ್ರಮವಂತೆ. ಇವರು ಗಾಜಿಗೆ ಮೂಗು ಒತ್ತಿ ನಿಂತರು. ಸ್ವಲ್ಪ ಹೊತ್ತಿಗೆ ಇವರ ಬೆರಳೂ ಎದ್ದಿತು.

"ಸಿಗ್ನಲ್ ಹಸ್ರ್ ಇತ್ತ್," ಎಂದು ಶುದ್ಧ ಕುಂದಾಪುರ ಕನ್ನಡದಲ್ಲಿ ಘೋಷಿಸಿದರು. ಶಾಲೆಯ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ಹೋಯ್, ಇಲ್ಲ್ ಬಂದ್ ಕೂಕಣಿ," ಎಂದೆ.

"ಒಂದ್ ಸಿಗ್ನಲ್ ತಡಿ ಮಾರಾಯ್ತಿ. ಅವ ಎಷ್ಟ್ ಲಾಯ್ಕ್ ಮಾಡ್ತ ಕಾಣ್."

ಒಂದು ಸಿಗ್ನಲಂತೆ! ಇಳಿದ ಮೇಲೂ ಅವರ ಬೆರಳು ಮಡಚಲಿಲ್ಲ. ಪೆಟ್ಟಿಗೆಗೆ ಬೆರಳು ತೋರಿಸಿ "ಪೆಟ್ಗಿ ಇತ್ತ್" ಎಂದರು, ನನ್ನ ಕಡೆ ತೋರಿಸಿ "ಹೆಂಡ್ತಿ ಇದ್ಳ್" ಎಂದರು. ನಾನು ಪೆಟ್ಟಿಗೆ ಎಳೆದುಕೊಂಡು ಮುಂದೆ ನಡೆದೆ. ನಿಜ ಹೇಳಬೇಕೆಂದರೆ ಅಳು ಬಂದಿತ್ತು. ಇಷ್ಟು ದೂರ ಬಂದರೂ ಈ ಮನುಷ್ಯನಿಗೆ ಡ್ರೈವರ್ ಕಾಣುತ್ತಾನೆ, ನಾನು ಕಾಣುವುದಿಲ್ಲವಲ್ಲ. ಇನ್ನು ಉಳಿದದ್ದು ಆ ಒಂದು ಬಸ್ಸು ಮಾತ್ರ.

ಬಸ್ಸು ಬಂತು. ಇವರು ಲಂಡನ್ನಿನ ಅಭ್ಯಾಸದಂತೆ ಮುಂಬಾಗಿಲಿಗೆ ಓಡಿ ಕಾರ್ಡು ಹಿಡಿದು ನಿಂತರು. ಅಲ್ಲಿ ಹಿಂದಿನಿಂದ ಹತ್ತಬೇಕು, ಇಳಿಯುವಾಗ ಮುಂದೆ ದುಡ್ಡು ಕೊಡಬೇಕು. ಡ್ರೈವರ್ ಮರ್ಯಾದೆಯಿಂದ ಹಿಂದಿನ ಬಾಗಿಲು ತೋರಿಸಿದ. ಅಷ್ಟರಲ್ಲಿ ನಾನು ಹಿಂದಿನಿಂದ ಹತ್ತಿ, ಇಬ್ಬರು ಕೂರುವ ಸೀಟು ಹಿಡಿದು, ಪಕ್ಕದಲ್ಲಿ ಚೀಲ ಇಟ್ಟು ಕಿಟಕಿಯ ಕಡೆ ಮುಖ ತಿರುಗಿಸಿದೆ. ನಿಂತು ಸಾಯಲಿ ಎಂದುಕೊಂಡೆ. ಇವರು ನನ್ನನ್ನು ದಾಟಿ ಸೀದಾ ಮುಂದೆ ಹೋಗಿ, ಡ್ರೈವರನ ಬೆನ್ನ ಹಿಂದಿನ ಕಂಬ ಹಿಡಿದರು.

ಬಸ್ಸು ಹೊರಡಲಿಲ್ಲ. ಡ್ರೈವರ್ ಮೈಕಿನಲ್ಲಿ ಏನೋ ಹೇಳಿದ. ಸ್ವಲ್ಪ ಬಿಟ್ಟು ಮತ್ತೆ ಅದನ್ನೇ ಹೇಳಿದ.

"ಬ್ರೇಕ್ ಕೆಟ್ಟಿತ್ತ್ ಕಾಣತ್ತ್," ಎಂದರು ಇವರು, ಬಹಳ ತಿಳಿದವರಂತೆ.

ಬಸ್ಸಿನವರೆಲ್ಲ ಇವರನ್ನು ನೋಡಿದರು, ಆಮೇಲೆ ನನ್ನನ್ನು. ಹಿಂದಿನ ಸೀಟಿನ ಅಜ್ಜಿಯೊಬ್ಬಳು ಕೈ ಚಾಚಿ ನನ್ನ ಚೀಲವನ್ನು ಮೆಲ್ಲಗೆ ತಟ್ಟಿದಳು. ಆಗ ತಿಳಿಯಿತು. ಬೆಟ್ಟದ ದಾರಿ, ನಿಂತವರು ಕೂರುವವರೆಗೆ ಅವನು ಬಸ್ಸು ಬಿಡುವುದಿಲ್ಲ. ಖಾಲಿ ಇರುವುದು ನನ್ನ ಚೀಲದ ಜಾಗ ಒಂದೇ. ಊರವರನ್ನೆಲ್ಲ ಮೈಕಿನಲ್ಲಿ ಒಳಗೆ ಅಟ್ಟುವ ಮಹಾರಾಯರು ಈಗ ಕಿವಿ ಕೆಂಪು ಮಾಡಿಕೊಂಡು ಬಂದು ನನ್ನೆದುರು ನಿಂತರು.

"ಚೀಲ ತೆಗಿ ಮಾರಾಯ್ತಿ. ಎಲ್ಲರಿಗೂ ತಡ ಆತ್ತ್."

ನಾನು ತೆಗೆಯಲಿಲ್ಲ. "ಕೂಕಂಡ್ರೆ ಏಳುಕಾಗ."

"ಏಳುದಿಲ್ಲೆ."

"ಬೆರಳ್ ತೋರ್ಸುಕಾಗ."

"ಇಲ್ಲೆ ಅಂದೆ ಅಲ್ದಾ."

ಚೀಲ ತೊಡೆಯ ಮೇಲೆ ಇಟ್ಟುಕೊಂಡೆ. ಇವರು ಕೂತರು, ಬಸ್ಸು ಹೊರಟಿತು.

ಮೊದಮೊದಲು ಪ್ರತಿ ತಿರುವಿನಲ್ಲೂ ಇವರ ಬಲಗಾಲು ನೆಲವನ್ನು ಒತ್ತುತ್ತಿತ್ತು. "ಬ್ರೇಕ್ ಅವ ಹಾಕ್ತ, ನೀವ್ ಬಿಡಿ," ಎಂದೆ. ನಾಚಿಕೊಂಡು ನಕ್ಕರು. ಮುಂದಿನ ಸೀಟಿನವರ ತಲೆ ಅಡ್ಡ ಇದ್ದದ್ದರಿಂದ ಡ್ರೈವರ್ ಕಾಣುತ್ತಿರಲಿಲ್ಲ. ನೋಡಲು ಇನ್ನೇನೂ ಇಲ್ಲದೆ ನನ್ನ ಕಡೆ ತಿರುಗಿದರು. ಒಂದು ಚಕ್ಕುಲಿ ಮುರಿದು ಅರ್ಧ ನನಗೆ ಕೊಟ್ಟು, ನಾನು ಎಂದೂ ಕೇಳಿರದ ಕಥೆಯೊಂದನ್ನು ಶುರು ಮಾಡಿದರು. ಲಂಡನ್ನಿನ ಹೇಸ್ ಎಂಬಲ್ಲಿ ಒಬ್ಬ ಹಾಸಿಗೆ ಹೊತ್ತುಕೊಂಡು ಇವರ ಬಸ್ಸು ಹತ್ತಿದನಂತೆ. ಬೇಡ ಎನ್ನುವಷ್ಟರಲ್ಲಿ ಅದನ್ನು ಮೇಲಿನ ಅಂತಸ್ತಿಗೆ ಒಯ್ಯಲು ಹೋದನಂತೆ. ಹಾಸಿಗೆ ಮೆಟ್ಟಿಲಿನಲ್ಲಿ ಸಿಕ್ಕಿಬಿತ್ತು. ಮೇಲಿನವರು ಇಳಿಯುವ ಹಾಗಿಲ್ಲ, ಕೆಳಗಿನವರು ಹತ್ತುವ ಹಾಗಿಲ್ಲ. ಇವರು ಕೈ ಎತ್ತಿ, ಮೈ ತಿರುಚಿ ಅಭಿನಯಿಸಿ ತೋರಿಸಿದರು. ಮೇಲಿನಿಂದ ಒಬ್ಬ ಪಾದ್ರಿ ಹಾಸಿಗೆಯನ್ನು ಒದೆಯುತ್ತಿದ್ದನಂತೆ. ನಕ್ಕು ನಕ್ಕು ನನಗೆ ಉಸಿರು ಸಿಕ್ಕಿಕೊಂಡಿತು. ಈ ಮನುಷ್ಯನ ಹೊಟ್ಟೆಯಲ್ಲಿ ಇಂಥವು ಇನ್ನೆಷ್ಟು ಇವೆಯೋ.

ಆಗಲೇ ಎದುರಿನ ಪರದೆಯ ಮೇಲೆ ನಾವು ಇಳಿಯಬೇಕಾದ ಊರಿನ ಹೆಸರು ಬಂತು. ಇಂಗ್ಲಿಷಿನಲ್ಲೂ ಇತ್ತು, ನಾನು ಸರಿಯಾಗಿಯೇ ಓದಿದೆ. ಬಸ್ಸು ನಿಲ್ಲಿಸುವ ಗುಂಡಿ ನನ್ನ ಭುಜದ ಪಕ್ಕದಲ್ಲೇ ಇತ್ತು. ಇವರ ಹಾಸಿಗೆ ಇನ್ನೂ ಮೆಟ್ಟಿಲಲ್ಲೇ ಇತ್ತು.

"ಮತ್ತೆಂತ ಆಯ್ತ್?" ಎಂದೆ.